ಭುಜದ ಚಾಕು, ಬೆರಳಿನ ಚಾಕು

ಮೊದಲ ಸಲ ಸಿಕ್ಕಾಗ ಅವರು ನನ್ನ ಮುಖ ನೋಡಲೇ ಇಲ್ಲ, ಬಾಯಿ ನೋಡಿದರು. ಬೆಡೋಕ್ ಮಾರ್ಕೆಟ್ಟಿನಲ್ಲಿ ಕರಿಬೇವು, ಬಾಳೆಲೆ ಮಾರುವ ಅಂಗಡಿಯ ಮುಂದೆ ನನ್ನ ಹೆಂಡತಿ "ಇವರೇ ನಮ್ಮೆಜಮಾನ್ರು ಆಂಟಿ" ಎಂದು ಪರಿಚಯ ಮಾಡಿಸಿದಳು. ನಾನು ಮರ್ಯಾದೆಗೆ ನಕ್ಕೆ. ಅವರು ಕತ್ತು ವಾಲಿಸಿ ಒಂದು ಗಳಿಗೆ ನೋಡಿ, "ಮೇಲೆ ಎಡಗಡೆ ಕೋರೆಹಲ್ಲಿಗೆ ಕ್ಯಾಪ್ ಹಾಕ್ಸಿದೀಯ ಅಲ್ವೇನಪ್ಪಾ? ಮಾಡಿದೋರಿಗೆ ಅವತ್ತು ಏನೋ ಅರ್ಜೆಂಟ್ ಇತ್ತು ಅನ್ಸತ್ತೆ" ಎಂದರು. ಬೆಂಗಳೂರಿನಲ್ಲಿ ಮೂರು ವಾರ ಅಲೆದು ಹಾಕಿಸಿಕೊಂಡ ಕ್ಯಾಪು ಅದು. ನನಗೆ ಮೈ ಉರಿದುಹೋಯಿತು. ಮನೆಗೆ ಬಂದು ಕನ್ನಡಿ ಮುಂದೆ ಬಾಯಿ ಕಿಸಿದು ನೋಡಿಕೊಂಡೆ. ಹೌದು, ಪಕ್ಕದ ಹಲ್ಲಿಗಿಂತ ಒಂದು ಕೂದಲೆಳೆ ಉದ್ದ. ಆರು ವರ್ಷದಿಂದ ನನ್ನ ಬಾಯಲ್ಲೇ ಇದ್ದದ್ದು ನನಗೇ ಗೊತ್ತಿರಲಿಲ್ಲ.

ಆ ಆಂಟಿ ಹೋದ ತಿಂಗಳು ಜುರಾಂಗ್ ಈಸ್ಟ್‌ನಲ್ಲಿ, ಮಗನ ಮನೆಯಲ್ಲಿ ತೀರಿಕೊಂಡರು. ವಾಟ್ಸಾಪ್‌ನಲ್ಲಿ ಅವರ ಫೋಟೋ ಬಂತು, ಅದರ ಕೆಳಗೆ ಕೈಮುಗಿದ ಗುರುತುಗಳ ಸಾಲು ಬಂತು. "ಗಣೇಶನ ಮಂಟಪ ಎಷ್ಟು ಚೆಂದ ಮಾಡ್ತಿದ್ರು" ಎಂದು ಒಬ್ಬರು, "ಎಂಥಾ ಕೈ ಅವರದು" ಎಂದು ಇನ್ನೊಬ್ಬರು ಬರೆದರು. ಆ ಕೈಯ ವಿಷಯ ನಿಮಗೇನ್ರೀ ಗೊತ್ತು ಎಂದು ನನಗೆ ಸಿಟ್ಟು ಬಂತು. ಗೋರಿಕಲ್ಲು ಕೆತ್ತುವ ತಲೆಹರಟೆ ಕೆಲಸವೊಂದು ನನ್ನ ಪಾಲಿಗೆ ಬರದಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಗುರುತಿನವರೆಲ್ಲ ಫೋನ್ ಮಾಡಿ ನನ್ನನ್ನು ತಿದ್ದಲು ಶುರುಮಾಡುತ್ತಾರೆ.

ಮೈಸೂರಿನವರು. ಮದುವೆಯಾಗಿ ಈ ದ್ವೀಪದೇಶಕ್ಕೆ ಬಂದವರು. ಗಂಡ ಹಡಗು ರಿಪೇರಿಯ ಯಾರ್ಡಿನಲ್ಲಿ ಎಂಜಿನಿಯರಾಗಿದ್ದರಂತೆ, ನಾವು ಬರುವ ಹೊತ್ತಿಗೆ ತೀರಿಹೋಗಿದ್ದರು. ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ ಎದುರು, ಎಚ್‌ಡಿಬಿ ಎಂಬ ಸರ್ಕಾರಿ ವಸತಿ ಬ್ಲಾಕಿನ ಏಳನೇ ಮಹಡಿಯಲ್ಲಿ ಆಂಟಿ ಒಬ್ಬರೇ ಇದ್ದರು. ಕಾಕಿ ಬುಕಿತ್‌ನ ಒಂದು ಸಣ್ಣ ಡೆಂಟಲ್ ಲ್ಯಾಬಿನಲ್ಲಿ ಅವರ ಕೆಲಸ. ಡಾಕ್ಟರು ಬಾಯಿಯ ಅಚ್ಚು ಕಳಿಸುತ್ತಾರೆ. ಇವರು ಇಲ್ಲದ ಹಲ್ಲನ್ನು ಮೇಣದಲ್ಲಿ ಕೆತ್ತಿ ಕೂರಿಸುತ್ತಾರೆ. ಆಮೇಲೆ ಅದೇ ಆಕಾರ ಪಿಂಗಾಣಿಯಾಗಿ ಯಾರದೋ ಬಾಯಿ ಸೇರುತ್ತದೆ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ್ದರು. ಎಂಆರ್‌ಟಿ ರೈಲಿನಲ್ಲಿ ಎದುರು ಕೂತವರು ಆಕಳಿಸಿದರೆ ಸಾಕು, ಇವರ ಕತ್ತು ವಾಲುತ್ತಿತ್ತು. ಒಮ್ಮೆ "ಅದು ನಮ್ಮ ಲ್ಯಾಬಿಂದೇ ಇರ್ಬೇಕು ಕಣೋ" ಎಂದು ನನ್ನ ಮೊಣಕೈ ತಿವಿದು, ಯಾರೋ ಅಜ್ಜನ ಹಲ್ಲು ನೋಡುತ್ತ ಒಂದು ಸ್ಟೇಷನ್ ಮುಂದಕ್ಕೆ ಹೋಗಿ ಇಳಿದಿದ್ದರು. ಅದು ಅವರ ಲ್ಯಾಬಿನದಲ್ಲವಂತೆ. ಆದರೂ ಖುಷಿಯಾಗಿಯೇ ವಾಪಸ್ ಬಂದರು.

ಗೋರಿಕಲ್ಲಿನ ಕತೆ ಶುರುವಾದದ್ದು ನನ್ನ ಹೆಂಡತಿಯಿಂದ. ನಮ್ಮ ಕಾಂಡೋದಲ್ಲಿ ಅಕ್ಟೋಬರ್ ಕೊನೆಯ ಹ್ಯಾಲೋವೀನ್ ಅಂದರೆ, ಆ ದೆವ್ವ-ಭೂತದ ಹಬ್ಬ ಅಂದರೆ, ದೊಡ್ಡ ಗಲಾಟೆ. ಆ ವರ್ಷ ಈಜುಕೊಳದ ಪಕ್ಕದ ಹುಲ್ಲಿನ ಮೇಲೆ ಸುಳ್ಳು ಸ್ಮಶಾನ ಮಾಡಬೇಕು, ಅಂಗಡಿಯ ಪ್ಲಾಸ್ಟಿಕ್ ಬೇಡ, ಎಲ್ಲ ಮನೆಯಲ್ಲೇ ಮಾಡಿದ್ದಿರಬೇಕು ಎಂದು ತೀರ್ಮಾನವಾಯಿತು. ಇವಳು ಗ್ರೂಪಿನಲ್ಲಿ "ಹನ್ನೆರಡು ಗೋರಿಕಲ್ಲು ನಮ್ಮ ಮನೆಯಿಂದ" ಎಂದು ಹಾಕಿಬಿಟ್ಟಳು. ನಮ್ಮ ಮನೆಯಿಂದ ಅಂದರೆ ಯಾರು ಎಂದು ಕೇಳಿದರೆ, "ನೀವೇ" ಎಂದಳು. ಕಲ್ಲಂಗಡಿ ಹಣ್ಣು ನೆಟ್ಟಗೆ ಕುಯ್ಯಲು ಬಾರದ ಗಂಡಸು ನಾನು.

"ಪಕ್ಷಮಾಸ ಕಣೇ ಇದು. ನಮ್ಮಪ್ಪನ ತಿಥಿ ಮುಗಿದು ನಾಲ್ಕು ದಿನ ಆಗಿಲ್ಲ, ಮನೆಗೆ ಗೋರಿ ತರ್ತೀಯಾ?"

"ಥರ್ಮಾಕೋಲ್ ರೀ ಅದು. ಥರ್ಮಾಕೋಲ್‌ಗೆ ಯಾವ ಸೂತಕ?"

"ಇಟ್ಸ್ ಜಸ್ಟ್ ಫೋಮ್ ಲಾ, ಅಪ್ಪಾ" ಎಂದಳು ಮಗಳು, ಮೊಬೈಲಿನಿಂದ ತಲೆ ಎತ್ತದೆ.

ಇಬ್ಬರೂ ಸೇರಿ ನನ್ನನ್ನು ಆಂಟಿಯ ಮನೆಗೆ ಅಟ್ಟಿದರು. ಗೌರಿ-ಗಣೇಶ ಹಬ್ಬಕ್ಕೆ ಸುತ್ತಮುತ್ತಲ ಕನ್ನಡದವರಿಗೆಲ್ಲ ಥರ್ಮಾಕೋಲ್ ಮಂಟಪ ಮಾಡಿಕೊಡುತ್ತಿದ್ದವರು ಅವರೇ.

ನನ್ನ ಗೋಳು ಕೇಳಿ ಅವರು ನಗಲಿಲ್ಲ, ಬೈಯಲೂ ಇಲ್ಲ. "ಗೋರಿಕಲ್ಲು ಎಷ್ಟು ದಪ್ಪ ಇರತ್ತೆ?" ಎಂದರು. ನಾನು ಬೆರಳಲ್ಲಿ ಏನೋ ಒಂದು ಅಂದಾಜು ತೋರಿಸಿದೆ. "ನಮ್ಮನೇಲಿ ಸುಟ್ಟು ನೀರಿಗೆ ಬಿಟ್ರೆ ಮುಗೀತು. ಕಲ್ಲು ಇಡೋದೇ ಇಲ್ವಲ್ಲ, ನಾನು ಸರಿಯಾಗಿ ನೋಡೇ ಇಲ್ಲ ನೋಡು" ಎಂದು ತಮಗೆ ತಾವೇ ಹೇಳಿಕೊಂಡು ಎದ್ದರು. ಕಪಾಟಿನಿಂದ ಎರಡು ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು, ಮೂರನೆಯದಾಗಿ ಒಂದು ಬಿಸ್ಕತ್ತಿನ ಡಬ್ಬಿಯನ್ನು ಖಾಲಿ ಮಾಡಿ ಒರೆಸಿದರು.

"ಇದು ದೇವರ ಡಬ್ಬಿ. ಮಂಟಪದ್ದು. ಇದನ್ನ ಗೋರಿಗೆ ಮುಟ್ಸಲ್ಲ. ಇದು ಬಾಯಿದು. ಇನ್ನೊಬ್ಬರ ಬಾಯಿಗೆ ಹೋಗೋ ಕೆಲಸದ್ದು, ಇದನ್ನ ಬೇರೆ ಯಾವುದಕ್ಕೂ ಮುಟ್ಸಲ್ಲ. ಗೋರಿಗೆ ಬೇರೆ ಡಬ್ಬಿ ಮಾಡೋಣ."

"ಮಂಟಪ ಕುಯ್ಯೋ ಕಟರ್ರೇ ಸಾಕಲ್ವಾ ಆಂಟಿ? ಎರಡೂ ಥರ್ಮಾಕೋಲೇ ತಾನೆ?"

"ಪೂಜೆ ತಟ್ಟೇಲಿ ಊಟ ಮಾಡ್ತೀಯೇನೋ ನೀನು?"

ಹಾಗಾಗಿ ಬಿಸ್ಕತ್ತಿನ ಡಬ್ಬಿ ತುಂಬಲು ಹೊರಟೆವು. ಮಾರ್ಕೆಟ್ಟಿನ ಹಿಂದಿನ ಹಾರ್ಡ್‌ವೇರ್ ಅಂಗಡಿಯಲ್ಲಿ ನಾನು ಐದು ನಿಮಿಷದ ಕೆಲಸ ಅಂದುಕೊಂಡಿದ್ದೆ. ಆಂಟಿ ಒಂದೊಂದು ಚಾಕು, ಒಂದೊಂದು ಗರಗಸದ ಬ್ಲೇಡು ಕೈಗೆ ತೆಗೆದುಕೊಂಡು, ಕಣ್ಣು ಮುಚ್ಚಿ, ಗಾಳಿಯಲ್ಲಿ ಎಳೆದು, ಕೆಳಗಿಟ್ಟು, ಮತ್ತೆ ಮೊದಲಿನದನ್ನು ಎತ್ತಿ, ಮುಕ್ಕಾಲು ಗಂಟೆ ಕಳೆದರು. ಅಂಗಡಿಯ ಚೀನೀ ಅಂಕಲ್ ತಾಳ್ಮೆಗೆಟ್ಟು, "ಆಂಟಿ, ಯೂ ಬೈಯಿಂಗ್ ಆರ್ ಶೇಕಿಂಗ್ ಹ್ಯಾಂಡ್?" ಎಂದ. ನಾನು ಜೋರಾಗಿ ನಕ್ಕೆ. ಆಂಟಿ ನಗಲಿಲ್ಲ, ಕೈಯನ್ನು ಚೂಡಿದಾರದ ದುಪಟ್ಟಾದೊಳಗೆ ಸೇರಿಸಿಕೊಂಡರು. ಆಗ ನನಗೇನೂ ಅನ್ನಿಸಲಿಲ್ಲ, ಯಾವಾಗ ಮನೆ ಸೇರುತ್ತೇನೋ ಎಂಬ ಚಿಂತೆ ನನಗೆ.

ಮನೆಗೆ ತಂದ ಮೇಲೆ ಪರೀಕ್ಷೆ ಶುರು. ಅಂಗಡಿಯ ಬಿಳಿ ಥರ್ಮಾಕೋಲನ್ನು ಒಂದೇ ಗೀರಿನಲ್ಲಿ ಫೇಲ್ ಮಾಡಿದರು. "ಕಡಲೆಪುರಿ ಥರ ಉದುರತ್ತೆ. ಇದರಲ್ಲಿ ಅಕ್ಷರ ನಿಲ್ಲಲ್ಲ" ಎಂದು, ಮಾರನೆಯ ದಿನ ಲ್ಯಾಬಿನ ಪಕ್ಕದ ಪ್ಯಾಕಿಂಗ್ ಫ್ಯಾಕ್ಟರಿಯವರನ್ನು ಕೇಳಿ, ಅವರು ಎಸೆಯಲಿದ್ದ ಗುಲಾಬಿ ಬಣ್ಣದ ಗಟ್ಟಿ ಫೋಮಿನ ಹಲಗೆಗಳನ್ನು ನನ್ನ ತಲೆ ಮೇಲೆ ಹೊರಿಸಿಕೊಂಡು ಬಂದರು. ಅದರಲ್ಲಿ ಕಾಳಿಲ್ಲ, ಚಾಕು ಇಳಿದರೆ ಗೀಟು ನೆಟ್ಟಗೆ ಬರುತ್ತದೆ. ಕಟರಿನ ಬ್ಲೇಡು ಸ್ವಲ್ಪ ಮೊಂಡಾದರೂ ಮುರಿದು ಎಸೆಯುತ್ತಿದ್ದರು. "ಮೊಂಡು ಬ್ಲೇಡು ಕುಯ್ಯಲ್ಲ ಕಣೋ, ಹರಿಯತ್ತೆ." ದಪ್ಪ ಹಲಗೆಗೆ ಹಲ್ಲಿನ ಬ್ರೆಡ್ ಚಾಕು. ಅದು ಕಿರ್ರೋ ಎಂದು ಕಿರುಚಿದಾಗ ನನಗೆ ಮೈ ಜುಮ್ಮೆಂದು ನಾನು ಬಾಲ್ಕನಿಗೆ ಓಡಿದರೆ, ಅವರು ಒಂದು ಮೇಣದಬತ್ತಿ ತಂದು ಅಲಗಿಗೆ ಉಜ್ಜಿದರು. ಕಿರುಚಾಟ ನಿಂತುಹೋಯಿತು. ಬಿಸಿ ತಂತಿಯ ಕಟರನ್ನು ಕಿಟಕಿಯೆಲ್ಲ ತೆಗೆದು, ಫ್ಯಾನು ಹಾಕಿ ಓಡಿಸಿ ನೋಡಿದರು. "ಇದು ತುಂಬಾ ನುಣ್ಣಗೆ ಮಾಡತ್ತೆ. ಕಲ್ಲು ಎಲ್ಲಾದ್ರೂ ಐಸ್‌ಕ್ರೀಮ್ ಥರ ಇರತ್ತಾ?" ಎಂದು ಅಂಚು ತೆಗೆಯಲು ಮಾತ್ರ ಇಟ್ಟುಕೊಂಡರು. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ ಫೋಮಿನ ಮೇಲೆ ಒತ್ತಿ ಉರುಳಿಸಿದರೆ ಕಲ್ಲಿನ ಗುಂಡಿಗಳೆಲ್ಲ ಬಂದುಬಿಟ್ಟವು. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ನನಗೊಂದು, ತಮಗೊಂದು ಉಂಡೆ ಮಾಡಿ, ಸಂಜೆಯೆಲ್ಲ ಒತ್ತಿಸಿದರು.

ಸ್ಪ್ರೇ ಪೇಂಟ್ ತಂದ ಜಾಣ ನಾನು. ಅದು ಫೋಮನ್ನು ತಿಂದುಹಾಕುತ್ತದೆ ಎಂದು ಅವರಿಗೆ ಮೊದಲೇ ಗೊತ್ತಿತ್ತಂತೆ. ಆದರೂ "ಹೊಡಿ, ಹೇಗೆ ತಿನ್ನತ್ತೆ ನೋಡೋಣ" ಎಂದು ಒಂದು ತುಂಡನ್ನು ಹೊರಗಿಟ್ಟು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಅದು ಕರಗಿ ಕುಸಿಯುವುದನ್ನು ಕಣ್ಣು ಮಿಟುಕಿಸದೆ ನೋಡಿದರು. ಆಮೇಲೆ ನೀರಿನ ಬಣ್ಣ ತರಲು ನನ್ನನ್ನು ಮತ್ತೆ ಅಂಗಡಿಗೆ ಓಡಿಸಿದರು.

ಏನು ಕೆತ್ತಬೇಕು ಎಂಬುದಕ್ಕೂ ಜಗಳವಾಯಿತು. ನನ್ನ ಹೆಂಡತಿ ಕಾಂಡೋದ ಹನ್ನೆರಡು ಜನರ ಹೆಸರಿನ ಪಟ್ಟಿ ಕೊಟ್ಟಿದ್ದಳು, ತಮಾಷೆಗೆ. ಆಂಟಿ ಪಟ್ಟಿಯನ್ನು ಓದಲೂ ಇಲ್ಲ. "ಬದುಕಿರೋರ ಹೆಸರು ನನ್ನ ಕೈಲಿ ಕೆತ್ತಿಸ್ಬೇಡ. ಬಿಡ್ತು ಅನ್ನು" ಎಂದರು. ನಾನು ಬಿಡ್ತು ಅಂದೆ. ಕೊನೆಗೆ ಸತ್ತುಹೋದವರ ಬದಲು ಸತ್ತುಹೋದ ವಸ್ತುಗಳನ್ನು ಹೂಳುವುದೆಂದು ಒಪ್ಪಂದವಾಯಿತು: ನನ್ನ ಜಿಮ್ ಮೆಂಬರ್‌ಶಿಪ್, ಯಾರಿಗೂ ನೆನಪಿಲ್ಲದ ಪಾಸ್‌ವರ್ಡ್, ಬಿ ಬ್ಲಾಕಿನ ಲಿಫ್ಟು.

ಇಷ್ಟು ಹೊತ್ತೂ ನಾನು ಆಂಟಿಯನ್ನು ಒಬ್ಬ ಕುತೂಹಲದ ಹೆಂಗಸು ಅಂತಷ್ಟೇ ತಿಳಿದಿದ್ದೆ. ಒಂದು ಶನಿವಾರ ಮಧ್ಯಾಹ್ನ ಅದು ಬದಲಾಯಿತು. 'ಜಿಮ್' ಎಂದು ಕೆತ್ತುತ್ತ ನನ್ನ ಕಟರು ಅಕ್ಷರದ ಮೂಲೆಗೆ ಹೋಗುತ್ತಿರಲಿಲ್ಲ. ಮೇಜಿನ ಮೇಲೆ ತೆರೆದಿದ್ದ ಡಬ್ಬಿಯಿಂದ ಎಲೆಯ ತುದಿಯಂಥ ಒಂದು ಸಣ್ಣ ಉಕ್ಕಿನ ಕಡ್ಡಿ ತೆಗೆದು ಫೋಮಿಗೆ ಚುಚ್ಚಿದೆ. ಅದು ಬಾಯಿಯ ಡಬ್ಬಿ. "ಏಯ್!" ಎಂದು ಕೂಗಿ ಅವರು ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು. ಬೆಳಕಿಗೆ ಹಿಡಿದು ತುದಿ ಮುಕ್ಕಾಗಿದೆಯೇ ಎಂದು ನೋಡಿದರು. ಆ ತುದಿ ನಡುಗುತ್ತಿತ್ತು. ಸಿಟ್ಟಿನ ನಡುಕವಲ್ಲ. ಸಿಟ್ಟು ಇಳಿದ ಮೇಲೂ ನಡುಗುತ್ತಲೇ ಇತ್ತು. ಇಬ್ಬರೂ ಅದನ್ನೇ ನೋಡಿದೆವು.

"ನೋಡ್ಬಿಟ್ಯಾ?" ಎಂದು ಕಡ್ಡಿಯನ್ನು ಕೆಳಗಿಟ್ಟರು.

ಆಮೇಲೆ ಹೇಳಿದರು. ಎಂಟು ತಿಂಗಳಿಂದ ಹೀಗೆ. ಸುಮ್ಮನಿದ್ದರೆ ಏನೂ ಇಲ್ಲ, ಸಣ್ಣದೇನಾದರೂ ಹಿಡಿದರೆ ಶುರು. ಡಾಕ್ಟರು ಗುಳಿಗೆ ಕೊಟ್ಟಿದ್ದಾರೆ, ಅರ್ಧ ಕಡಿಮೆಯಾಗಿದೆ. ಲ್ಯಾಬಿಗೆ ಹಲ್ಲು ಕೊರೆಯುವ ಮೆಷಿನ್ನು ಬಂದಿದೆ. ಇನ್ನು ಮುಂದೆ ಮುಂಬದಿಯ ಹಲ್ಲುಗಳನ್ನಷ್ಟೇ ಕೈಯಲ್ಲಿ ಮಾಡುತ್ತಾರೆ, ಅದಕ್ಕೆ ಒಬ್ಬರೇ ಸಾಕು. ನವೆಂಬರಿನ ಮೊದಲ ವಾರ ಬಾಸ್ ಎದುರು ಕೂತು, ಒಂದು ಗಂಟೆಯೊಳಗೆ ಒಂದು ಮುಂಬದಿಯ ಹಲ್ಲನ್ನು ಮೇಣದಲ್ಲಿ ಕೆತ್ತಿ ತೋರಿಸಬೇಕು. ಸರಿ ಬಂದರೆ ಇನ್ನೆರಡು ವರ್ಷ ಕೆಲಸ. ಇಲ್ಲದಿದ್ದರೆ ಜುರಾಂಗ್ ಈಸ್ಟ್, ಮಗನ ಮನೆ, ಸೋಫಾ. ಲ್ಯಾಬಿನಲ್ಲಿ ಇನ್ನೂ ಯಾರಿಗೂ ಕೈಯ ವಿಷಯ ಗೊತ್ತಿರಲಿಲ್ಲ.

"ಮಗ ಒಳ್ಳೆಯವನೇ ಕಣಪ್ಪಾ. ಸೊಸೇನೂ ಒಳ್ಳೆಯವಳೇ. ಕೂತ್ಕೊಳ್ಳಿ ಅಮ್ಮ, ಕೂತ್ಕೊಳ್ಳಿ ಅಮ್ಮ ಅಂತಾರೆ. ನಾನು ಕೂತ್ಕೊಂಡು ಏನ್ ಮಾಡ್ಲಿ? ನಿನ್ನ ಹೆಂಡ್ತಿಗೂ ಹೇಳ್ಬೇಡ."

ಹೊಟ್ಟೆಯಲ್ಲಿ ಒಂದು ಮಾತು ನಿಲ್ಲದ ನಾನು ಅದೊಂದನ್ನು ಯಾರಿಗೂ ಹೇಳಲಿಲ್ಲ.

ಗೋರಿಕಲ್ಲಿಗೆ ಅವರು ಯಾಕೆ ಒಪ್ಪಿಕೊಂಡರು, ಹಾರ್ಡ್‌ವೇರ್ ಅಂಗಡಿಯಲ್ಲಿ ಯಾಕೆ ಕಣ್ಣು ಮುಚ್ಚಿ ಚಾಕು ಬೀಸಿದರು ಎಂದು ಆಗ ತಿಳಿಯಿತು. ಅವರು ಫೋಮಿಗೆ ಆಯುಧ ಹುಡುಕುತ್ತಿರಲಿಲ್ಲ, ತಮ್ಮ ಕೈಗೆ ಹುಡುಕುತ್ತಿದ್ದರು. ಮುಚ್ಚುಮರೆ ಹೋದ ಮೇಲೆ ಪಾಠವನ್ನೇ ಶುರುಮಾಡಿದರು. ಬ್ರೆಡ್ ಚಾಕು, ಗರಗಸ ಇವೆಲ್ಲ ಭುಜದಿಂದ ಓಡುವ ಆಯುಧ. ಕಟರು ಮೊಣಕೈಯಿಂದ ಓಡುವುದು. ತಂತಿಯ ಬ್ರಷ್ಷು ಮಣಿಕಟ್ಟಿನದು. ಅಕ್ಷರದ ಮೂಲೆ ಕೊರೆಯುವ ಕಡ್ಡಿ ಬೆರಳಿನದು. "ಭುಜದಲ್ಲಿ ನಡುಕ ಇಲ್ಲ, ನೋಡು. ಮೊಣಕೈಲೂ ಇಲ್ಲ. ಮಣಿಕಟ್ಟಲ್ಲಿ ಸ್ವಲ್ಪ. ಬೆರಳಿಗೆ ಬಂದ್ರೆ ಪೂರ್ತಿ. ಅಂದ್ಮೇಲೆ ಬೆರಳಿನ ಕೆಲಸಾನ ಮೊಣಕೈಲಿ ಮಾಡೋಕಾಗತ್ತಾ ಅಂತ ನೋಡ್ಬೇಕು, ಅಲ್ವಾ?" ಇದನ್ನು ಹೇಳುವಾಗ ಅವರ ಮುಖದಲ್ಲಿ ದುಃಖವೇ ಇರಲಿಲ್ಲ. ಯಾರದೋ ಕೈಯ ವಿಷಯ ಎನ್ನುವ ಹಾಗೆ ಉತ್ಸಾಹದಿಂದ ಹೇಳುತ್ತಿದ್ದರು. 

ಹನ್ನೆರಡು ಕಲ್ಲುಗಳೂ ಹನ್ನೆರಡು ಪ್ರಯೋಗಗಳಾದವು. ಮೀನು ಹಿಡಿಯುವವರ ಅಂಗಡಿಗೆ ಹೋಗಿ ಗಾಳಕ್ಕೆ ಕಟ್ಟುವ ಸೀಸದ ಗುಂಡು ತಂದು, ಚಾಕುವಿನ ಹಿಡಿಗೆ ಬಟ್ಟೆಯ ಟೇಪಿನಲ್ಲಿ ಸುತ್ತಿದರು. ಹಿಡಿ ಭಾರವಾದಷ್ಟೂ ನಡುಕ ಕಡಿಮೆ. ಎರಡು ಗುಂಡು ಸಾಕೇ, ನಾಲ್ಕು ಬೇಕೇ ಎಂದು ಒಂದೊಂದು ಕಲ್ಲಿನ ಹಿಂದೆ ಪೆನ್ಸಿಲಿನಲ್ಲಿ ಗೀಟೆಳೆದು ನೋಡುತ್ತಿದ್ದರು. ಒಂದು ಸಣ್ಣ ಚೀಲಕ್ಕೆ ಅಕ್ಕಿ ತುಂಬಿ ಮಣಿಕಟ್ಟಿನ ಕೆಳಗೆ ಇಟ್ಟುಕೊಂಡರು. ಅದರಲ್ಲೂ ಸೋನಾ ಮಸೂರಿ ಜರುಗುತ್ತದೆ, ಕುಸುಬಲಕ್ಕಿ ನಿಲ್ಲುತ್ತದೆ ಎಂದು ಕಂಡುಹಿಡಿದರು. ಈ ಸಂಶೋಧನೆಯ ದಿನ ಅವರು ನನಗೆ ಫೋನ್ ಮಾಡಿದಾಗ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ. ಏನೋ ಅನಾಹುತವಾಗಿದೆ ಎಂದು ಹೊರಗೆ ಓಡಿದೆ. "ಕುಸುಬಲಕ್ಕಿ ಕಣೋ!" ಎಂದರು.

ಇಷ್ಟೆಲ್ಲ ಗೊತ್ತಿದ್ದೂ ನಾನು ಒಂದು ಮೂರ್ಖತನ ಮಾಡಿದೆ. ಒಂಬತ್ತನೆಯ ಕಲ್ಲಿಗೆ ಅವರು ಗೋರಿ ಡಬ್ಬಿಗೆಂದು ತಂದ, ಸೀಸವಿಲ್ಲದ ಕಡ್ಡಿ ಹಿಡಿದು ಒಂದು ಬಿರುಕು ಎಳೆದರು. ಕೈ ನಡುಗಿ ಗೆರೆ ಅಂಕುಡೊಂಕಾಗಿ ಇಳಿಯಿತು. ನಿಜವಾದ ಬಿರುಕಿನಂತೆಯೇ ಕಾಣುತ್ತಿತ್ತು. ಸಮಾಧಾನ ಮಾಡುವ ಹುಕಿಯಲ್ಲಿ ನಾನು, "ಆಂಟಿ, ಸೂಪರ್! ಕೈ ನಡುಗಿದ್ದಕ್ಕೇ ಇಷ್ಟು ಚೆನ್ನಾಗಿ ಬಂತು ನೋಡಿ" ಎಂದೆ.

ಅವರು ಕಡ್ಡಿ ಕೆಳಗಿಟ್ಟರು. "ಅಂದ್ರೆ ನನ್ನ ಕೈ ಇನ್ನು ಮೇಲೆ ಗೋರಿಗೇ ಸರಿ ಅಂತೀಯಾ?"

"ಅಯ್ಯೋ, ಹಾಗಲ್ಲ ಆಂಟಿ..."

"ಮನೆಗೆ ಹೋಗು. ನಿನ್ನ ಕಲ್ಲು ಒಂಬತ್ತಾಗಿದೆ, ತಗೊಂಡ್ ಹೋಗು."

ಫೋಮಿನ ಒಂಬತ್ತು ಗೋರಿಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ರಸ್ತೆ ದಾಟಿದೆ. ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ನಾಲ್ಕು ದಿನ ಅವರು ಫೋನ್ ಎತ್ತಲಿಲ್ಲ.

ಐದನೆಯ ದಿನ ಆಯುಧಪೂಜೆ. ಅವರೇ ಕರೆದರು, ಏನೂ ಆಗಿಲ್ಲ ಎಂಬಂತೆ. ದೇವರ ಮುಂದೆ ಮಣೆ ಹಾಕಿ ಮೂರೂ ಡಬ್ಬಿಗಳನ್ನು ಸಾಲಾಗಿ ಇಟ್ಟಿದ್ದರು. ದೇವರದು, ಬಾಯಿದು, ಗೋರಿದು. ಗೋರಿಯದನ್ನೂ ಇಡಬಹುದೇ ಎಂದೆ. "ದುಡಿದಿದೆ ತಾನೆ? ಇಡ್ಬೇಕು" ಎಂದರು. ಕುಂಕುಮ, ಹೂವು, ಎಲ್ಲದಕ್ಕೂ ಒಂದೇ ಸಮ. ಕಾರಿಡಾರಿನಲ್ಲಿ ಬೂದುಗುಂಬಳ ಒಡೆದರೆ ಗುಡಿಸುವ ಅಂಕಲ್‌ಗೆ ತೊಂದರೆ ಎಂದು ನಿಂಬೆಹಣ್ಣು ಹೆಚ್ಚಿದರು. "ಅವರ ಹ್ಯಾಲೋವೀನ್‌ಗೂ ಕುಂಬಳಕಾಯಿ, ನಮ್ಮ ಹಬ್ಬಕ್ಕೂ ಕುಂಬಳಕಾಯಿ. ಅವರು ಕಣ್ಣು ಬಾಯಿ ಕೊರೀತಾರೆ, ನಾವು ಒಡೆದು ಹಾಕ್ತೀವಿ. ಯಾಕಿರ್ಬಹುದು ಹೇಳು?" ಎಂದು ಕೇಳಿದರು.  ಮಂಗಳಾರತಿಯ ನಂತರ ಕುಂಕುಮದ ಬಟ್ಟಲಿಗೆ ಎಡಗೈ ಬೆರಳು ಅದ್ದಿ, ತಮ್ಮ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಒಂದೊಂದು ಬೊಟ್ಟು ಇಟ್ಟುಕೊಂಡರು. ಆ ದಿನ ಆಯುಧ ಮುಟ್ಟಬಾರದಲ್ಲ, ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಎಡಗೈಯಲ್ಲೇ ನನಗೆ ಕೋಸಂಬರಿ ಬಡಿಸಿದರು. ನಾನು ಎಡಗೈಯಲ್ಲಿ ಬಡಿಸಿದರೆಂದು ಬೇಸರಪಡಲಿಲ್ಲ, ಎರಡು ಸಲ ಹಾಕಿಸಿಕೊಂಡು ತಿಂದೆ.

ಉಳಿದ ಮೂರು ಕಲ್ಲು ಮಾಡುವ ಮೊದಲು ನಿಜವಾದ ಗೋರಿಕಲ್ಲು ನೋಡಲೇಬೇಕು ಎಂದರು. ನಗರದ ನಡುವಿನ ಗುಡ್ಡದ ಪಾರ್ಕಿನಲ್ಲಿ ಹಳೇ ಕಾಲದ ಗೋರಿಕಲ್ಲುಗಳನ್ನು ಇಟ್ಟಿಗೆ ಗೋಡೆಗೆ ಕೂರಿಸಿದ್ದಾರೆ. ಅಲ್ಲಿಗೆ ಕರೆದುಕೊಂಡು ಹೋದೆ. ಸತ್ತವರು ಯಾರು, ಎಷ್ಟು ವರ್ಷಕ್ಕೆ ಸತ್ತರು ಎಂದು ನಾನು ಓದುತ್ತಿದ್ದರೆ ಅವರು ಅಕ್ಷರದೊಳಗೆ ಉಗುರು ತೂರಿಸಿ ಆಳ ನೋಡುತ್ತಿದ್ದರು. ಒಂದು ಕಲ್ಲಿನ ಮುಂದೆ ನಿಂತು ನನ್ನನ್ನು ಕೂಗಿದರು. "ಇಲ್ನೋಡು, ಉಳಿ ಜಾರಿದೆ! ಈ ಅಕ್ಷರದ ಕಾಲು ಇಲ್ಲಿಗೆ ನಿಲ್ಬೇಕಿತ್ತು, ಅಲ್ಲೀವರೆಗೂ ಹೋಗಿದೆ. ಪಾಪ, ಅವನಿಗೂ ಜಾರಿದೆ." ಆ ಗೀರಿನ ಮೇಲೆ ಬೆರಳಾಡಿಸುತ್ತ ತುಂಬ ಹೊತ್ತು ನಿಂತಿದ್ದರು. "ಅವನಿಗೇನು ಬಿಡು. ಇವರು ಯಾರೂ ಎದ್ದು ಬಂದು ಕಂಪ್ಲೇಂಟ್ ಮಾಡಲ್ಲ" ಎಂದು ನಕ್ಕರು. ನಾನೂ ನಕ್ಕೆ.

ಹ್ಯಾಲೋವೀನ್ ಸಂಜೆ ನಮ್ಮ ಹನ್ನೆರಡು ಕಲ್ಲುಗಳು ಹುಲ್ಲಿನ ಮೇಲೆ ನಿಂತವು. ಮಳೆ ಹನಿಯಿತು, ಬಣ್ಣ ಹೋಗಲಿಲ್ಲ. ಸೆಕ್ಯುರಿಟಿಯವನು ಒಂದನ್ನು ಕೈಯಿಂದ ತಟ್ಟಿ ನೋಡಿ, ಕಲ್ಲಲ್ಲ ಎಂದು ತಿಳಿದು ಬೆಚ್ಚಿಬಿದ್ದ. ಬಿ ಬ್ಲಾಕಿನ ಲಿಫ್ಟಿನ ಸಮಾಧಿಯ ಮುಂದೆ ಜನ ಸಾಲು ನಿಂತು ಫೋಟೋ ತೆಗೆಸಿಕೊಂಡರು. ನನ್ನ ಹೆಂಡತಿ ಎಲ್ಲರ ಹತ್ತಿರ "ಆಂಟೀನೇ ಮಾಡಿದ್ದು, ನೋಡಿ ಕೈ ಹೇಗಿದೆ" ಎಂದು ಹೇಳುತ್ತ ಓಡಾಡಿದಳು. ಆಂಟಿ ನನ್ನತ್ತ ನೋಡಿದರು. ನಾನು ಈಜುಕೊಳ ನೋಡಿದೆ.

ಪರೀಕ್ಷೆಯ ಹಿಂದಿನ ದಿನ ಆಂಟಿ ನನ್ನನ್ನು ಮನೆಗೆ ಕರೆದು, ಅಚ್ಚಿನ ಮೇಲೆ ಕೂರಿಸಿದ ಒಂದು ಮೇಣದ ಹಲ್ಲು ತೋರಿಸಿದರು. ಅಕ್ಕಿಚೀಲದ ಮೇಲೆ ಕೈಯಿಟ್ಟು, ನಾಲ್ಕು ಸೀಸದ ಗುಂಡು ಸುತ್ತಿದ ಕಡ್ಡಿಯಲ್ಲಿ ಕೆತ್ತಿದ್ದು. ಬಾಯಿಯ ಕಡ್ಡಿಗೆ ಸೀಸ ಕಟ್ಟುವ ಮೊದಲು ಆ ಗುಂಡುಗಳನ್ನು ಕುದಿಸಿ ಒಣಗಿಸಿದ್ದರಂತೆ. ಎಷ್ಟು ತಿರುಗಿಸಿ ನೋಡಿದರೂ, ಮೇಣದ ಬಣ್ಣ ಬಿಟ್ಟರೆ, ಯಾವುದು ಪಕ್ಕದ ಹಲ್ಲು, ಯಾವುದು ಇವರದು ಎಂದು ನನಗೆ ತಿಳಿಯಲಿಲ್ಲ. "ಗೆದ್ರಿ ಆಂಟಿ!" ಎಂದು ಕಿರುಚಿದೆ. ಅವರು ನಕ್ಕು, "ನಾಳೆ ನೀನೂ ಬರ್ತೀಯಾ? ಕೆಳಗೆ ಕ್ಯಾಂಟೀನಲ್ಲಿ ಕೂತಿರು, ಸಾಕು" ಎಂದರು. ಅರ್ಧ ದಿನ ರಜೆ ಹಾಕಿ ಹೋದೆ.

ಕಾಕಿ ಬುಕಿತ್‌ನ ಆ ಕಟ್ಟಡದ ಕೆಳಗಿನ ಕ್ಯಾಂಟೀನಿನಲ್ಲಿ ಕೂತು ಗೊತ್ತಿರುವ ದೇವರಿಗೆಲ್ಲ ಹರಕೆ ಹೊತ್ತೆ. ಒಂದು ಗಂಟೆಯ ಪರೀಕ್ಷೆ. ಇಪ್ಪತ್ತೇ ನಿಮಿಷಕ್ಕೆ ಅವರು ಲಿಫ್ಟಿನಿಂದ ಇಳಿದು ಬಂದರು.

"ಇಷ್ಟು ಬೇಗ ಮುಗೀತಾ?"

"ಕೆತ್ತಲಿಲ್ಲ."

"ಅಂದ್ರೆ?"

"ಕೂತ್ಕೊಂಡೆ. ಮೇಣ ಕೊಟ್ರು. ಕೈ ಮುಂದೆ ಚಾಚಿ ಬಾಸ್‌ಗೆ ತೋರಿಸ್ದೆ. ನೋಡು, ಹೀಗಾಗಿದೆ, ನಾನು ನಿಲ್ಲಿಸ್ತೀನಿ ಅಂದೆ. ಅವನು 'ಅಯ್ಯಾ ಆಂಟಿ' ಅಂತ ಎದ್ದು ಆಚೆ ಹೋಗ್ಬಿಟ್ಟ, ಪಾಪ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸುತ್ತ ಜನರಿದ್ದಾರೆ ಎಂಬುದನ್ನೂ ಮರೆತು ಕೂಗಾಡಿದೆ. ಇಷ್ಟು ವಾರ ಹೆಣಗಿದ್ದು ಯಾಕೆ, ಸೀಸ ಯಾಕೆ, ಅಕ್ಕಿ ಯಾಕೆ, ನಿನ್ನೆ ಆ ಹಲ್ಲು ಅಷ್ಟು ಚೆನ್ನಾಗಿ ಬಂದಿತ್ತಲ್ಲ, ಇವತ್ತೂ ಬರುತ್ತಿತ್ತಲ್ಲ ಎಂದೆ.

ಅವರು ನಾನು ಸುಮ್ಮನಾಗುವವರೆಗೆ ಕಾದರು.

"ನಿನ್ನೆ ಎಂಟು ಕೆತ್ತಿದ್ದೆ. ಒಂದು ಸರಿ ಬಂತು. ನೀನು ನೋಡಿದ್ದು ಅದನ್ನ."

"ಇವತ್ತು ಆ ಒಂದೇ ಸಾಕಿತ್ತಲ್ಲ ಆಂಟಿ!"

"ಸಾಕಿತ್ತು. ಮೇಣ ಕೈಗೆ ತಗೊಂಡಾಗ ಇವತ್ತು ಬರತ್ತೆ ಅಂತಾನೇ ಅನ್ನಿಸ್ತು. ಬಂದ್ಬಿಟ್ರೆ ಏನ್ ಗತಿ ಅಂತ ಭಯ ಆಯ್ತು ಕಣೋ. ಬಂದ್ರೆ ನಾಳೆಯಿಂದ ಉಳಿದ ಏಳನ್ನ ಯಾರ ಬಾಯಿಗೆ ಹಾಕ್ಲಿ, ನೀನೇ ಹೇಳು."

 ಎದುರಿಗೆ ಕೂತು ಅಳು ಬಂದದ್ದನ್ನು ಹಾಗೇ ಬಿಟ್ಟೆ. ಅವರು ಅಳಲಿಲ್ಲ. ಎರಡೂ ಕೈಗಳನ್ನು ಚೀಲದಿಂದ, ದುಪಟ್ಟಾದಿಂದ ಬಿಡಿಸಿ ಮೇಜಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಚಾಚಿ ಇಟ್ಟರು. ಪಕ್ಕದ ಮೇಜಿನವನು ತಿರುಗಿ ನೋಡಿದ. ಅವರೂ ಅವನನ್ನು ನೋಡಿದರು.

"ಹೋಗಿ ಕಾಫಿ ತಗೊಂಡ್ ಬಾ" ಎಂದರು. "ನಂಗೆ ಅರ್ಧ ಕಪ್ಪೇ ಹಾಕ್ಸು. ತುಂಬಿದ್ರೆ ಚೆಲ್ತೀನಿ."